ಮಾದರಿ ವಿಮಾನದ ಪೈಲಟ್ ಗೊಂಬೆಯಂತೆ ಕಂಡರೆ: ದೋಷ ಹುಡುಕುವ ಕೈಪಿಡಿ

ಸ್ಕೇಲ್ ವಿಮಾನ (ನಿಜವಾದ ವಿಮಾನದ ಚಿಕ್ಕ ಪ್ರತಿ, ರೇಡಿಯೋದಿಂದ ಹಾರಿಸುವಂಥದ್ದು) ಕಟ್ಟುವವರು ರೆಕ್ಕೆಯ ರಿಬ್‌ನಿಂದ ಹಿಡಿದು ಚಕ್ರದವರೆಗೆ ಎಲ್ಲವನ್ನೂ ಅಳತೆಗೆ ಸರಿಯಾಗಿ ಮಾಡುತ್ತಾರೆ. ಕೊನೆಗೆ ಪೈಲಟ್‌ನನ್ನು ಕೂರಿಸುತ್ತಾರೆ. ಅಲ್ಲಿಗೆ ಇಡೀ ವಿಮಾನ ಆಟದ ಸಾಮಾನಾಗಿ ಕಾಣತೊಡಗುತ್ತದೆ. ಏನೋ ತಪ್ಪಿದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಹೀಗಾದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಬ್ರಷ್ ಹಿಡಿದು ಮುಖ ತಿದ್ದುವುದು. ಕಣ್ಣು ಅಳಿಸಿ ಮತ್ತೆ ಬರೆಯುತ್ತಾರೆ, ತುಟಿಗೆ ಬಣ್ಣ ಬದಲಿಸುತ್ತಾರೆ, ಮೀಸೆ ಸೇರಿಸುತ್ತಾರೆ. ಇಷ್ಟಾದರೂ ಗೊಂಬೆ ಗೊಂಬೆಯಾಗಿಯೇ ಉಳಿಯುತ್ತದೆ. ಯಾಕೆಂದರೆ ದೋಷ ಮುಖದಲ್ಲಿ ಇರುವುದೇ ಕಡಿಮೆ. ಮೊದಲು ತಲೆಯ ಅಳತೆ ನೋಡಬೇಕು, ಆಮೇಲೆ ಕೂತ ಎತ್ತರ, ಆಮೇಲೆ ಭುಜ ಮತ್ತು ಕತ್ತು. ಮುಖದ ಸರದಿ ಕೊನೆಗೆ. ಈ ಕೈಪಿಡಿ ಅದೇ ಕ್ರಮದಲ್ಲಿ ಹೋಗುತ್ತದೆ. ನಮ್ಮ ಮಲೆನಾಡಿನಲ್ಲಿ ಇನ್ನೊಂದು ದೊಡ್ಡ ಕಾರಣ ಇದೆ, ಥಂಡಿ, ಅಂದರೆ ಮಳೆಗಾಲದ ತಣ್ಣನೆಯ ತೇವ. ಅದಕ್ಕೆ ಬೇರೆಯೇ ಜಾಗ ಕೊಟ್ಟಿದ್ದೇನೆ.

ಮೊದಲು ದೋಷ ಯಾವ ಬಗೆಯದು ಅಂತ ತಿಳಿಯಿರಿ

ವಿಮಾನವನ್ನು ಅಂಗಳದಲ್ಲಿ ಒಂದು ಮೇಜಿನ ಮೇಲಿಟ್ಟು ಏಳೆಂಟು ಹೆಜ್ಜೆ ಹಿಂದೆ ಹೋಗಿ. ಮೊಬೈಲಿನಲ್ಲಿ ಪಕ್ಕದಿಂದ ಒಂದು, ಎದುರಿನಿಂದ ಒಂದು ಫೋಟೋ ತೆಗೆಯಿರಿ. ಅದನ್ನು ಕಪ್ಪು ಬಿಳುಪು ಮಾಡಿ, ದೊಡ್ಡದು ಮಾಡದೆ ಹಾಗೇ ನೋಡಿ. ಪಕ್ಕದಲ್ಲಿ ನಿಜವಾದ ವಿಮಾನದ ಫೋಟೋ ಇಟ್ಟುಕೊಳ್ಳಿ.

ಈ ಚಿಕ್ಕ ಫೋಟೋದಲ್ಲೇ ಪೈಲಟ್ ಅಸಹಜವಾಗಿ ಕಂಡರೆ ಆಕಾರದ ದೋಷ. ಬಣ್ಣ ಎಷ್ಟು ತಿದ್ದಿದರೂ ಅದು ಹೋಗುವುದಿಲ್ಲ. ದೂರದಿಂದ ಸರಿ, ಹತ್ತಿರ ಬಂದಾಗ ಮಾತ್ರ ಕೆಟ್ಟದಾಗಿ ಕಂಡರೆ ಬಣ್ಣದ ದೋಷ. ಮಾಡಿದ ದಿನ ಚೆನ್ನಾಗಿತ್ತು, ತಿಂಗಳಾದ ಮೇಲೆ ಬಿರುಕು, ಬೂಷ್ಟು, ಅಂಟು ಅಂಟು ಆಯಿತು ಅಂದರೆ ಸಾಮಗ್ರಿಯ ದೋಷ, ಮತ್ತು ಮುಕ್ಕಾಲು ಪಾಲು ಅದರ ಹಿಂದೆ ನೀರಿರುತ್ತದೆ. ನೋಡಲು ಎಲ್ಲವೂ ಸರಿ, ಆದರೆ ವಿಮಾನವೇ ಹಾರಲು ತಕರಾರು ಮಾಡುತ್ತಿದೆ ಅಂದರೆ ತೂಕ ನೋಡಬೇಕು.

ತಲೆ ದೊಡ್ಡದಾಗಿದೆಯಾ?

ಕೈಯಿಂದ ಮಾಡಿದ ಪೈಲಟ್‌ಗಳಲ್ಲಿ ನಾನು ನೋಡಿದ ಅತಿ ಸಾಮಾನ್ಯ ದೋಷ ಇದು. ಮುಖ ಬರೆಯಲು ಜಾಗ ಬೇಕು ಅನ್ನಿಸುತ್ತದೆ, ಹಾಗಾಗಿ ಕೈ ತಾನಾಗಿ ತಲೆಯನ್ನು ದೊಡ್ಡದು ಮಾಡುತ್ತದೆ. ಜಾತ್ರೆಯಲ್ಲಿ ಸಿಗುವ ಆಟಿಕೆಗಳಲ್ಲೂ ತಲೆ ದೊಡ್ಡದೇ. ಮಕ್ಕಳಿಗೆ ಮುಖ ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಅದನ್ನು ತಂದು ಕಾಕ್‌ಪಿಟ್‌ನಲ್ಲಿ ಕೂರಿಸಿದರೆ ಮಗು ವಿಮಾನ ಓಡಿಸಿದ ಹಾಗೆ ಕಾಣುತ್ತದೆ.

ಲೆಕ್ಕ ಸುಲಭ. ಸುಮಾರು 170 ಸೆಂ.ಮೀ. ಎತ್ತರದ ಗಂಡಸು ನೇರ ಕೂತರೆ ಸೀಟಿನಿಂದ ನೆತ್ತಿಗೆ ಅಂದಾಜು 88 ಸೆಂ.ಮೀ., ಗಲ್ಲದಿಂದ ನೆತ್ತಿಗೆ 22 ರಿಂದ 23 ಸೆಂ.ಮೀ., ಭುಜದ ಅಗಲ 45 ಸೆಂ.ಮೀ. ಇದನ್ನು ಸ್ಕೇಲ್‌ನ ಕೆಳಗಿನ ಅಂಕಿಯಿಂದ ಭಾಗಿಸಿ. 1/4 ಸ್ಕೇಲ್‌ಗೆ ತಲೆ 56 ಮಿ.ಮೀ., ಕೂತ ಎತ್ತರ 220 ಮಿ.ಮೀ. ಬರುತ್ತದೆ. 1/5ಕ್ಕೆ 45 ಮತ್ತು 176. 1/6ಕ್ಕೆ 37 ಮತ್ತು 147. 1/8ಕ್ಕೆ ತಲೆ ಬರೀ 28 ಮಿ.ಮೀ. ಕಾಗದದ ಮೇಲೆ ಈ ಅಳತೆ ನೋಡಿದಾಗ ಇಷ್ಟು ಚಿಕ್ಕದಾ ಅನ್ನಿಸುತ್ತದೆ. ಹೌದು, ಅಷ್ಟೇ ಚಿಕ್ಕದು.

ಅಳತೆಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ಒಂದು ಕಡ್ಡಿಯಲ್ಲಿ ತಲೆಯ ಎತ್ತರ ಗುರುತು ಮಾಡಿಕೊಳ್ಳಿ. ಆ ಅಳತೆ ಕೂತ ಪೈಲಟ್‌ನ ಎತ್ತರದಲ್ಲಿ ನಾಲ್ಕು ಸಲ ಬರಬೇಕು, ಭುಜದ ಅಗಲದಲ್ಲಿ ಎರಡು ಸಲ. ಮೂರೂವರೆಯೇ ಬಂದರೆ ತಲೆ ದೊಡ್ಡದು ಅಥವಾ ಮೈ ಚಿಕ್ಕದು. ಹೆಲ್ಮೆಟ್ ಅಥವಾ ಟೋಪಿ ಹಾಕುವ ಮುಂಚಿನ ಬೋಳುತಲೆಯಲ್ಲೇ ಅಳೆಯಿರಿ. ಹೆಲ್ಮೆಟ್ ಜಾಗವನ್ನು ಮೊದಲೇ ತಲೆಗೆ ಸೇರಿಸಿ, ಆಮೇಲೆ ಅದರ ಮೇಲೆ ಮತ್ತೆ ಹೆಲ್ಮೆಟ್ ಕೂರಿಸಿದವರನ್ನು ಕಂಡಿದ್ದೇನೆ. ಎರಡು ಸಲ ಸೇರಿಸಿದ ಹಾಗಾಯಿತು, ಅಲ್ವಾ?

ದೊಡ್ಡ ತಲೆಯನ್ನು ಉಜ್ಜಿ ಚಿಕ್ಕದು ಮಾಡಲು ಹೋಗಬೇಡಿ. ಕಿವಿ, ಮೂಗು, ಗಲ್ಲ ಎಲ್ಲದರ ಜಾಗವೂ ತಪ್ಪುತ್ತದೆ. ಹೊಸ ತಲೆ ಮಾಡುವುದೇ ಬೇಗ ಆಗುವ ಕೆಲಸ.

ಕೂತ ಎತ್ತರ, ಕೂತ ಸೀಟು

ಹೊಸನಗರ ಕಡೆಯ ಒಬ್ಬ ಹುಡುಗ 1/5 ಸ್ಕೇಲ್‌ನ ಟೈಗರ್ ಮಾತ್ (ತೆರೆದ ಕಾಕ್‌ಪಿಟ್‌ನ ಹಳೆಯ ತರಬೇತಿ ವಿಮಾನ) ತಂದಿದ್ದ. ರೆಕ್ಕೆಯ ಉದ್ದ 1.79 ಮೀಟರ್. ತಂತಿ, ಬಟ್ಟೆ, ಹೊಲಿಗೆ ಎಲ್ಲವೂ ಅಷ್ಟು ಅಚ್ಚುಕಟ್ಟು. "ಅಣ್ಣ, ಕಣ್ಣು ಎಷ್ಟು ಸಲ ಬರೆದರೂ ಇವನು ಹೆದರಿಕೊಂಡ ಹಾಗೆ ಕಾಣ್ತಾನೆ" ಅಂದ. ಒಂದು ಕಾಗದದ ಚೂರು ಹರಿದು ಪೈಲಟ್‌ನ ಮುಖಕ್ಕೆ ಅಂಟಿಸಿದೆವು. ಮೂಗಿಲ್ಲ, ಕಣ್ಣಿಲ್ಲ. ದೂರ ನಿಂತು ನೋಡಿದರೆ ಈಗಲೂ ಹೆದರಿಕೊಂಡೇ ಇದ್ದ.

ಕಾರಣ ಮುಖದಲ್ಲಿ ಇರಲಿಲ್ಲ. ಕಾಕ್‌ಪಿಟ್‌ನ ಅಂಚು ಪೈಲಟ್‌ನ ಗಲ್ಲದ ಮಟ್ಟಕ್ಕೆ ಬಂದಿತ್ತು. ಯಾರೋ ಒಳಗೆ ಅವಿತುಕೊಂಡು ಇಣುಕಿದ ಹಾಗೆ. ಸೀಟಿನ ಕೆಳಗೆ ಪ್ಲೈವುಡ್ ತುಂಡು ಒಂದರ ಮೇಲೊಂದು ಇಟ್ಟು ಎತ್ತುತ್ತಾ ಹೋದೆವು. ಅಂಚು ಭುಜದ ಹತ್ತಿರ ಬಂದ ಕೂಡಲೇ, ಕಾಗದ ಅಂಟಿಸಿದ ಆ ಮುಖ ಸಮಾಧಾನದಿಂದ ಕೂತ ಮನುಷ್ಯನದಾಯಿತು. ಕಾಗದ ತೆಗೆದಾಗ ಅವನು ಬರೆದ ಕಣ್ಣು ಚೆನ್ನಾಗಿಯೇ ಇತ್ತು. ಆವತ್ತಿನಿಂದ ಈ ಕಾಗದದ ಪರೀಕ್ಷೆಯನ್ನು ಎಲ್ಲರಿಗೂ ಹೇಳುತ್ತೇನೆ. ಮುಖ ಮುಚ್ಚಿದ ಮೇಲೂ ದೋಷ ಉಳಿದರೆ ಅದು ಮುಖದ ದೋಷ ಅಲ್ಲ.

ನಿಜವಾದ ವಿಮಾನದಲ್ಲಿ ಪೈಲಟ್‌ಗೆ ಹೊರಗೆ ಕಾಣಬೇಕು, ಹಾಗಾಗಿ ಸೀಟು ಎತ್ತರ ಇರುತ್ತದೆ. ಟೈಗರ್ ಮಾತ್‌ನಂಥ ಹಳೆಯ ವಿಮಾನಗಳಲ್ಲಿ ಪ್ಯಾರಾಚೂಟ್ ಗಂಟಿನ ಮೇಲೆಯೇ ಕೂರುತ್ತಿದ್ದರು. ಅಂಚು ಮೈಯನ್ನು ಎಲ್ಲಿ ಕತ್ತರಿಸುತ್ತದೆ ಅಂತ ಫೋಟೋ ನೋಡಿ ಗುರುತು ಮಾಡಿಕೊಳ್ಳಿ, ಅದಕ್ಕೆ ಸರಿಯಾಗಿ ಸೀಟು ಎತ್ತಿ ಅಥವಾ ಇಳಿಸಿ.

ಮಾದರಿ ವಿಮಾನದ ಕಾಕ್‌ಪಿಟ್ ಕೆಳಗೆ ಸರ್ವೋ (ರೇಡಿಯೋ ಹೇಳಿದಂತೆ ಭಾಗಗಳನ್ನು ಆಡಿಸುವ ಚಿಕ್ಕ ಮೋಟಾರು), ಬ್ಯಾಟರಿ ಇರುವುದರಿಂದ ಆಳ ಸಾಲುವುದಿಲ್ಲ. ಆಗ ಇಡೀ ಮನುಷ್ಯನನ್ನೇ ಕುಗ್ಗಿಸಿ ಕೂರಿಸುವುದು ತಪ್ಪು. ಅಳತೆ ಹಾಗೇ ಇರಲಿ, ಸೊಂಟದಲ್ಲೋ ಎದೆಯ ಕೆಳಗೋ ಕತ್ತರಿಸಿ. ಕಾಣದ ಕಾಲು ಯಾರಿಗೂ ಬೇಕಿಲ್ಲ.

ಇನ್ನೊಂದು ಮಾತು ಸೀಟಿನ ಬಗ್ಗೆಯೇ. ಟೈಗರ್ ಮಾತ್‌ನಲ್ಲಿ ಒಬ್ಬರೇ ಹಾರುವಾಗ ಪೈಲಟ್ ಕೂರುವುದು ಹಿಂದಿನ ಸೀಟಿನಲ್ಲಿ. ಪೈಪರ್ ಜೆ-3 ಕಬ್‌ನಲ್ಲೂ ಹಾಗೆಯೇ. ಎಚ್‌ಎಎಲ್ ಪುಷ್ಪಕ್‌ನಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಮುಂದಿನ ಸೀಟಿನಲ್ಲಿ ಒಬ್ಬನನ್ನೇ ಕೂರಿಸಿ ಹಿಂದೆ ಖಾಲಿ ಬಿಟ್ಟ ಟೈಗರ್ ಮಾತ್ ನೋಡಿದಾಗ, ವಿಮಾನ ಬಲ್ಲವರಿಗೆ ಏನೋ ಕಿರಿಕಿರಿ ಆಗುವುದು ಇದಕ್ಕೇ.

ಭುಜ, ಕತ್ತು, ನೋಟ

ಅಳತೆ ಸರಿ, ಎತ್ತರ ಸರಿ, ಆದರೂ ಜೀವ ಇಲ್ಲ. ಹಾಗಿದ್ದರೆ ಮೇಲಿನಿಂದ ನೋಡಿ. ಭುಜದ ಗೆರೆ, ತಲೆ, ವಿಮಾನದ ಮೂತಿ ಮೂರೂ ಒಂದೇ ನೇರದಲ್ಲಿ ಇದೆಯಾ? ಬದುಕಿದ ಮನುಷ್ಯ ಹಾಗೆ ಕೂರುವುದಿಲ್ಲ. ಒಂದು ಕೈ ಸ್ಟಿಕ್ ಮೇಲೆ, ಇನ್ನೊಂದು ಥ್ರಾಟಲ್ ಮೇಲೆ. ಹಾಗಾಗಿ ಒಂದು ಭುಜ ತುಸು ಮುಂದೆ, ತುಸು ಕೆಳಗೆ ಇರುತ್ತದೆ. ತಲೆ ಹತ್ತು ಹದಿನೈದು ಡಿಗ್ರಿ ಪಕ್ಕಕ್ಕೆ ತಿರುಗಿರುತ್ತದೆ. ನೆಲದ ಮೇಲೆ ನಿಂತಾಗ ಮೂತಿ ಮೇಲೆತ್ತಿರುವ ವಿಮಾನಗಳಲ್ಲಿ ಮುಂದಿನದು ಕಾಣುವುದಿಲ್ಲ, ಪೈಲಟ್ ಪಕ್ಕಕ್ಕೆ ಬಾಗಿ ನೋಡಲೇಬೇಕು. ಟೈಗರ್ ಮಾತ್, ಕಬ್ ಎರಡೂ ಆ ಜಾತಿಯವು.

ಕತ್ತಿನ ದೋಷ ಕಣ್ಣಿಗೆ ಬೇಗ ಬೀಳುವುದಿಲ್ಲ, ಆದರೆ ಕೆಡಿಸುವುದು ಜಾಸ್ತಿ. ಕತ್ತು ಭುಜದ ನಡುವಿನಿಂದ ನೇರ ಮೇಲಕ್ಕೆ ಏಳುವುದಿಲ್ಲ. ಹಿಂದಿನಿಂದ ಹೊರಟು ಮುಂದಕ್ಕೆ ಬಾಗಿ ಹೋಗುತ್ತದೆ. ಪಕ್ಕದಿಂದ ನೋಡಿದರೆ ಕಿವಿ ಭುಜದ ಗೆರೆಗಿಂತ ತುಸು ಮುಂದೆ ಇರಬೇಕು. ಕಡ್ಡಿಯನ್ನು ನೇರ ಸಿಕ್ಕಿಸಿ ಅದರ ಮೇಲೆ ತಲೆ ಇಟ್ಟರೆ ಸಿಪಾಯಿ ಅಟೆನ್ಷನ್‌ನಲ್ಲಿ ನಿಂತ ಭಂಗಿ ಬರುತ್ತದೆ. ಕತ್ತಿನ ಕಡ್ಡಿಯನ್ನು ಓರೆಯಾಗಿ ಸಿಕ್ಕಿಸಿ, ತಲೆಯನ್ನು ಮೊದಲು ಅಂಟಿಸದೆ ಹಾಗೇ ತಿರುಗಿಸಿ ನೋಡಿ. ಸರಿಯಾದ ಕೋನ ಬಂದಾಗ ಕೂಡಲೇ ಗೊತ್ತಾಗುತ್ತದೆ. ಈ ಘಳಿಗೆಯೇ ನನಗೆ ಈ ಕೆಲಸದಲ್ಲಿ ಅತಿ ಪ್ರೀತಿಯದು. ಅಲ್ಲಿಯವರೆಗೆ ಬರೀ ಅಂಟು, ಕಾಗದ ಆಗಿದ್ದದ್ದು ಕತ್ತು ಒಂದಿಷ್ಟು ತಿರುಗಿದ ಕೂಡಲೇ ಯಾರನ್ನೋ ನೋಡತೊಡಗುತ್ತದೆ.

ಮುಖ

ಇಷ್ಟೆಲ್ಲ ಸರಿಯಾದ ಮೇಲೂ ಪೈಲಟ್ ದುರುಗುಟ್ಟಿ ನೋಡುತ್ತಿದ್ದರೆ ಈಗ ಕಣ್ಣಿಗೆ ಬನ್ನಿ. ಮೊದಲು ಜಾಗ ನೋಡಿ. ಕಣ್ಣು ತಲೆಯ ನಡುಮಧ್ಯ ಇರಬೇಕು, ನೆತ್ತಿಯಿಂದ ಎಷ್ಟು ದೂರವೋ ಗಲ್ಲದಿಂದಲೂ ಅಷ್ಟೇ. ಹಣೆ ಗಿಡ್ಡವಾಗಿ ಕಣ್ಣು ಮೇಲೆ ಹೋಗಿದ್ದರೆ ಬಣ್ಣದಲ್ಲಿ ತಿದ್ದಲಾಗುವುದಿಲ್ಲ.

ಆಮೇಲೆ ಅಳತೆ. ಕಣ್ಣಿನ ಕಪ್ಪು ವೃತ್ತ ಸುಮಾರು 12 ಮಿ.ಮೀ., ರೆಪ್ಪೆ ತೆರೆದ ಎತ್ತರ 10 ಮಿ.ಮೀ. ಆಸುಪಾಸು. ಅಂದರೆ ವೃತ್ತ ಯಾವತ್ತೂ ಪೂರ್ತಿ ಕಾಣುವುದಿಲ್ಲ, ಮೇಲ್ಭಾಗ ರೆಪ್ಪೆಯ ಕೆಳಗೆ ಅಡಗಿರುತ್ತದೆ. ಬಿಳಿಯ ನಡುವೆ ಗುಂಡಗೆ ಕಪ್ಪು ಚುಕ್ಕೆ ಇಟ್ಟರೆ ಗಾಬರಿಯ ಕಣ್ಣು ಬರುವುದು ಇದೇ ಕಾರಣಕ್ಕೆ. ಮೇಲಿನ ರೆಪ್ಪೆಗೆ ಗಾಢ ಕಂದು ಗೆರೆ ಎಳೆದು ವೃತ್ತದ ನೆತ್ತಿ ಮುಚ್ಚಿ. ಬಿಳಿಯನ್ನು ಹಾಗೇ ಹಚ್ಚಬೇಡಿ, ಒಂದು ಹನಿ ಕಂದು, ಒಂದು ಹನಿ ಬೂದು ಸೇರಿಸಿ ಮಂಕು ಮಾಡಿ. 1/5ರಲ್ಲಿ ಇಡೀ ಕಣ್ಣು 6 ಮಿ.ಮೀ. ಅಗಲ, 2 ಮಿ.ಮೀ. ಎತ್ತರ. 1/8ಕ್ಕೆ ಇಳಿದರೆ ಬಿಳಿ ಬರೆಯುವ ಗೋಜಿಗೇ ಹೋಗಬೇಡಿ. ಕಣ್ಣಿನ ಗುಳಿಗೆ ತೆಳು ಕಂದು ನೀರು ಹರಿಸಿ, ಒಂದು ಗಾಢ ಗೆರೆ ಎಳೆದರೆ ಸಾಕು.

ಚರ್ಮದ ಬಣ್ಣ ಇನ್ನೊಂದು. ಬಣ್ಣದ ಪೆಟ್ಟಿಗೆಯಲ್ಲಿ ಚರ್ಮಕ್ಕೆ ಅಂತಲೇ ಬರುವ ಟ್ಯೂಬ್ ನಸುಗೆಂಪು. ನಮ್ಮವರ ಮೈಬಣ್ಣ ಅದಲ್ಲ. ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಸ್ವಲ್ಪ ಬಿಳಿ ಬೆರೆಸಿ. ನೆರಳಿಗೆ ಕಪ್ಪು ಹಾಕಿದರೆ ಮುಖ ಕೊಳಕಾಗುತ್ತದೆ, ಅದರ ಬದಲು ಬರ್ನ್ಟ್ ಅಂಬರ್‌ಗೆ ಒಂದು ಚೂರು ಅಲ್ಟ್ರಾಮರೀನ್ ಸೇರಿಸಿ. ತುಟಿಗೆ ಕೆಂಪು ಬೇಡವೇ ಬೇಡ. ಅದೇ ಚರ್ಮದ ಬಣ್ಣಕ್ಕೆ ಸಿಯೆನ್ನಾ ಜಾಸ್ತಿ ಮಾಡಿದರೆ ಗಂಡಸಿನ ತುಟಿ ಆಯಿತು. ಗಡ್ಡ ಬೋಳಿಸಿದ ಜಾಗಕ್ಕೆ ನಸು ಬೂದು.

ಹತ್ತಿರದಿಂದ ಚೆನ್ನಾಗಿದ್ದು ದೂರದಿಂದ ಮುಖವೇ ಚಪ್ಪಟೆ ಕಂಡರೆ ನೆರಳು ಸಾಲದು ಅಂತ ಅರ್ಥ. ಯಕ್ಷಗಾನದ ವೇಷ ನೆನಪಿಸಿಕೊಳ್ಳಿ. ಚೌಕಿಯಲ್ಲಿ ಹತ್ತಿರ ಕೂತು ನೋಡಿದರೆ ಹುಬ್ಬು, ಕಣ್ಣಿನ ಗೆರೆ ಅತಿ ಆಯಿತು ಅನ್ನಿಸುತ್ತದೆ, ರಂಗಸ್ಥಳದ ಬೆಳಕಿನಲ್ಲಿ ಹಿಂದೆ ಚಾಪೆಯ ಮೇಲೆ ಕೂತವನಿಗೆ ಅದೇ ಸರಿಯಾಗಿ ಕಾಣುತ್ತದೆ. ಪೈಲಟ್‌ನನ್ನೂ ಜನ ನೋಡುವುದು ದೂರದಿಂದಲೇ, ಅದೂ ಕ್ಯಾನೊಪಿಯ, ಅಂದರೆ ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳದ, ಪ್ಲಾಸ್ಟಿಕ್ ಮೂಲಕ. ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ, ಟೋಪಿಯ ಅಂಚಿನ ಕೆಳಗೆ ನಿಮಗೆ ಸಾಕು ಅನ್ನಿಸಿದ್ದಕ್ಕಿಂತ ಒಂದು ಪಟ್ಟು ಗಾಢ ಮಾಡಿ.

ಉಡುಪಿನ ವಿಷಯ ಬೇಗ ಮುಗಿಸುತ್ತೇನೆ. ಎಚ್‌ಎಎಲ್‌ನ ತರಬೇತಿ ವಿಮಾನ ಎಚ್‌ಟಿ-2 ಮೊದಲು ಹಾರಿದ್ದು 1951ರಲ್ಲಿ. ಅದರಲ್ಲಿ ಈಗಿನ ಜೆಟ್ ಪೈಲಟ್‌ನ ಮುಖ ಮುಚ್ಚುವ ಹೆಲ್ಮೆಟ್ ಹಾಕಿದವನು ಕೂತರೆ ಕಾಲವೇ ತಪ್ಪಿತು. ಟೈಗರ್ ಮಾತ್‌ಗೆ ಚರ್ಮದ ಟೋಪಿ, ಗಾಗಲ್ಸ್, ನಾಲ್ಕು ಪಟ್ಟಿಯ ಸಟ್ಟನ್ ಬೆಲ್ಟ್. ಬಟ್ಟೆ ದಪ್ಪವಾಗಿ ಉಬ್ಬಿ ನಿಂತಿದ್ದರೆ ನೇಯ್ಗೆ ಒರಟು ಅಂತ. ತೊಳೆದು ತೊಳೆದು ಸವೆದ ಹಳೆ ಪಂಚೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಮೈಗೆ ಸುತ್ತಿ, ಒದ್ದೆ ಇರುವಾಗಲೇ ಕಂಕುಳು, ಮೊಣಕೈ ಒಳಭಾಗ, ತೊಡೆಯ ಸಂದಿಯಲ್ಲಿ ಕಡ್ಡಿಯಿಂದ ನೆರಿಗೆ ಕೂರಿಸಿ.

ಮಳೆಗಾಲ ತರುವ ದೋಷಗಳು

ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ನಮ್ಮಲ್ಲಿ ಹಾರಾಟ ಇಲ್ಲ. ಹಾಗಾಗಿ ಪೈಲಟ್ ಮಾಡುವ ಕೆಲಸ ಎಲ್ಲರೂ ಇಟ್ಟುಕೊಳ್ಳುವುದು ಆಗಲೇ. ಗಾಳಿಯಲ್ಲಿ ನೀರು ತುಂಬಿರುವುದೂ ಆಗಲೇ. ಸಾಮಗ್ರಿಯ ಡಬ್ಬದ ಮೇಲೆ ಬರೆದಿರುವ ಒಣಗುವ ಹೊತ್ತನ್ನು ಆಗುಂಬೆ, ತೀರ್ಥಹಳ್ಳಿ, ಹೊಸನಗರದಲ್ಲಿ ಕೂತು ನಂಬಬೇಡಿ.

ಮುಖ ಬಿರುಕು ಬಿಟ್ಟರೆ: ಎಪಾಕ್ಸಿ ಕ್ಲೇ (ಎರಡು ಮುದ್ದೆ ಬೆರೆಸಿದರೆ ಗಟ್ಟಿಯಾಗುವ ಮೆತ್ತುವ ಸಾಮಗ್ರಿ) ತಾನಾಗಿ ಕುಗ್ಗುವುದು ತೀರಾ ಕಡಿಮೆ. ಬಿರುಕು ಬಿಟ್ಟಿತು ಅಂದರೆ ಒಳಗಿನ ತಿರುಳು ಅಲುಗಾಡಿದೆ. ಕಾಗದ ಮತ್ತು ಮೈದಾ ಅಂಟಿನ ತಿರುಳು ಹೊರಗೆ ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಹಸಿ. ಅದರ ಮೇಲೆ ಕ್ಲೇ ಮೆತ್ತಿದರೆ ನೀರು ಸಿಕ್ಕಿಹಾಕಿಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಧಾನ ಕುಗ್ಗುತ್ತದೆ. ಪರೀಕ್ಷೆ ಹೀಗೆ: ತಿರುಳನ್ನು ಗ್ರಾಂ ತೋರಿಸುವ ಚಿಕ್ಕ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಇನ್ನೂ ಹಸಿ. ಎರಡು ಮೂರು ದಿನ ಒಂದೇ ತೂಕ ಬಂದ ಮೇಲೆ ಕ್ಲೇ ಹಚ್ಚಿ. ಕೈಯಲ್ಲಿ ಮುಟ್ಟಿ ನೋಡುವುದಕ್ಕಿಂತ ಇದು ನಂಬಿಕೆಯ ದಾರಿ.

ಒಣಗಿಸಲು ರಟ್ಟಿನ ಡಬ್ಬದೊಳಗೆ 40 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಹಚ್ಚಿ, ಮೇಲೆ ನಾಲ್ಕು ತೂತು ಮಾಡಿ. ಬಲ್ಬ್ ರಟ್ಟಿಗೆ ತಾಗದಂತೆ ನೋಡಿಕೊಳ್ಳಿ, ಹಚ್ಚಿಟ್ಟು ಮನೆ ಬಿಟ್ಟು ಹೋಗಬೇಡಿ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಬೇಕಾದಷ್ಟು ಬಿಸಿ ಕೊಡುವುದಿಲ್ಲ. ಒಲೆಯ ಮೇಲಿನ ಅಟ್ಟ ಇರುವ ಮನೆಗಳಲ್ಲಿ ತಿರುಳು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಬಣ್ಣ ಹಚ್ಚಿದ್ದನ್ನು ಮಾತ್ರ ಅಲ್ಲಿ ಇಡಬೇಡಿ, ಹೊಗೆ ಹಿಡಿದು ಮಸುಕಾಗುತ್ತದೆ.

ಬೂಷ್ಟು ಹಿಡಿದರೆ: ಮೈದಾ ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ ಹಾಕಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದದ್ದು ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಬೈಂಡಿಂಗ್ ಮಾಡುವವರೂ ಅಂಟಿಗೆ ಇದನ್ನೇ ಹಾಕುತ್ತಿದ್ದರು, ಹುಳವೂ ಬರುವುದಿಲ್ಲ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಕುದಿಸಬೇಡಿ, ಕೈ ತೊಳೆಯಿರಿ, ಮಕ್ಕಳಿಂದ ದೂರ ಇಡಿ.

ಕ್ಲೇ ಗಟ್ಟಿಯೇ ಆಗದಿದ್ದರೆ: ಎರಡು ಮುದ್ದೆ ಸಮ ತೂಕ ಇತ್ತಾ, ಪೂರ್ತಿ ಬೆರೆತಿತ್ತಾ ನೋಡಿ. ಒಡೆದು ನೋಡಿದಾಗ ಎರಡು ಬಣ್ಣದ ಎಳೆ ಕಂಡರೆ ಬೆರೆತಿಲ್ಲ. ಕೆರೆದು ತೆಗೆಯುವುದೊಂದೇ ದಾರಿ, ಬಿಸಿ ಮಾಡಿದರೆ ಪ್ರಯೋಜನ ಇಲ್ಲ. ಬರೀ ನಿಧಾನ ಆಗುತ್ತಿದ್ದರೆ ಅದು ಥಂಡಿಯಿಂದ, ಬಲ್ಬ್ ಡಬ್ಬದಲ್ಲಿ ಇಡಿ.

ಬಣ್ಣ ಸಿಪ್ಪೆಯಂತೆ ಎದ್ದರೆ: ಎಪಾಕ್ಸಿ ರಾಳ ಥಂಡಿ ಹವೆಯಲ್ಲಿ ಗಟ್ಟಿಯಾದಾಗ ಮೇಲೆ ಮೇಣದಂಥ ತೆಳು ಪದರ ಬರುತ್ತದೆ. ಬೆರಳಿಗೆ ಜಿಡ್ಡು ಜಿಡ್ಡು. ಅದರ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಉಜ್ಜಿದರೆ ಜಿಡ್ಡು ಇನ್ನಷ್ಟು ಹರಡುತ್ತದೆ. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಒಣಗಿದ ಮೇಲೆ ಉಪ್ಪು ಕಾಗದ, ಆಮೇಲೆ ಪ್ರೈಮರ್.

ಮ್ಯಾಟ್ ಸ್ಪ್ರೇ ಹೊಡೆದ ಕೂಡಲೇ ಬಿಳಿ ಮಂಜು ಬಂದರೆ: ಬಣ್ಣದ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಕೂರುತ್ತದೆ. ಇಡೀ ಮುಖ ಬೂದಿ ಬಳಿದಂತಾದಾಗ ಎದೆ ಧಸಕ್ಕೆನ್ನುತ್ತದೆ. ಕೆಳಗಿನ ಕೆಲಸ ಹಾಳಾಗಿರುವುದಿಲ್ಲ. ಬಿಸಿಲು ಬಂದ ಒಣ ದಿನಕ್ಕೆ ಕಾದು, ಅದೇ ಜಾತಿಯ ವಾರ್ನಿಷ್‌ನ ತೆಳು ಪದರ ಹೊಡೆದರೆ ಮಂಜು ಎಷ್ಟೋ ಸಲ ಕರಗುತ್ತದೆ. ಮಳೆ ಹಿಡಿದಿರುವಾಗ ಸ್ಪ್ರೇ ಡಬ್ಬ ಮುಟ್ಟದೆ, ನೀರಿನ ಅಕ್ರಿಲಿಕ್ ಮ್ಯಾಟ್ ವಾರ್ನಿಷ್ ಬ್ರಷ್‌ನಲ್ಲಿ ಹಚ್ಚುವುದು ವಾಸಿ.

ಅಚ್ಚು ಹಾಕಿದ ರೆಸಿನ್ ನೊರೆ ನೊರೆಯಾದರೆ: ಪಾಲಿಯುರೆಥೇನ್ ರೆಸಿನ್‌ಗೆ ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಮೂಗಿನ ತುದಿ, ಕಿವಿಯಲ್ಲಿ ಗುಳ್ಳೆ ಬರುತ್ತದೆ. ತೆರೆದಿಟ್ಟ ಬಾಟಲಿ, ಒದ್ದೆ ಅಚ್ಚು, ತೂಕ ಕಡಿಮೆ ಮಾಡಲು ಹಾಕಿದ ಪುಡಿ ಈ ಮೂರರಲ್ಲಿ ಒಂದು ಕಾರಣ. ಪುಡಿಯನ್ನು ಬಿಸಿ ಮಾಡಿ ಒಣಗಿಸಿ, ಅಚ್ಚನ್ನು ಬೆಚ್ಚಗೆ ಮಾಡಿ. ಅಚ್ಚೇ ಅಂಟು ಅಂಟಾಗಿ ಉಳಿದಿದ್ದರೆ ಅದು ಥಂಡಿಯ ಕೆಲಸ ಅಲ್ಲ. ಪ್ಲಾಟಿನಂ ಬಗೆಯ ಸಿಲಿಕೋನ್ ಗಂಧಕ ಇರುವ ಕ್ಲೇ ಮೇಲೂ, ಲ್ಯಾಟೆಕ್ಸ್ ಕೈಗವಸು ತಾಗಿದ ಕಡೆಯೂ ಗಟ್ಟಿಯಾಗುವುದಿಲ್ಲ.

ಥರ್ಮಾಕೋಲ್ ತಲೆ ಕರಗಿ ಗುಂಡಿ ಬಿದ್ದರೆ ಕಾರಣ ಸ್ಪ್ರೇ ಬಣ್ಣ ಅಥವಾ ಥಿನ್ನರ್. ಮೊದಲು ಫೆವಿಕಾಲ್ ನೀರಿನ ಎರಡು ಪದರ ಕೊಟ್ಟು, ನೀರಿನ ಬಣ್ಣವನ್ನೇ ಹಚ್ಚಿ.

ಬೇಸಿಗೆಯ ದೋಷವೂ ಒಂದಿದೆ. ತ್ರೀಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್‌ನ ಪೈಲಟ್ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತಾನೆ. ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ, ಅದರಲ್ಲೂ ಕ್ಯಾನೊಪಿಯ ಕೆಳಗೆ ಕಪ್ಪು ಟೋಪಿ ಹಾಕಿದವನ ಕತ್ತು ವಾಲಿದರೆ ಆಶ್ಚರ್ಯ ಬೇಡ. ನೆರಳಿನಲ್ಲಿ ಇಡಿ ಅಥವಾ ಹೆಚ್ಚು ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿಸಿ.

ವಿಮಾನದ ಬಾಲ ಭಾರವಾದರೆ

ಪೈಲಟ್ ಕೂತ ಮೇಲೆ ವಿಮಾನ ಮೂತಿ ಎತ್ತುತ್ತದೆ, ಎಲಿವೇಟರ್ (ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಅತಿ ಚುರುಕಾಗಿದೆ ಅಂದರೆ ಗುರುತ್ವ ಕೇಂದ್ರ ಹಿಂದೆ ಸರಿದಿದೆ. ಲೆಕ್ಕ ಹಾಕಿ: 100 ಗ್ರಾಂ ಪೈಲಟ್ ಕೇಂದ್ರದಿಂದ 150 ಮಿ.ಮೀ. ಹಿಂದೆ ಕೂತರೆ ಗುಣಲಬ್ಧ 15,000. ಅದನ್ನು ಸರಿದೂಗಿಸಲು 300 ಮಿ.ಮೀ. ಮುಂದೆ ಮೂತಿಯಲ್ಲಿ 50 ಗ್ರಾಂ ಸೀಸ ಬೇಕು. ಒಟ್ಟು 150 ಗ್ರಾಂ ಹೊರೆ. ಅದೇ ಪೈಲಟ್ 30 ಗ್ರಾಂ ಇದ್ದರೆ ಸೀಸ 15 ಗ್ರಾಂ ಸಾಕು, ಒಟ್ಟು 45.

ಹಾಗಾಗಿ ಸೀಸ ಸೇರಿಸುವುದು ಕೊನೆಯ ದಾರಿ. ಮೊದಲು ತಿರುಳು ಹಗುರ ಮಾಡಿ. ಸೊರಬ, ಸಾಗರದ ಗುಡಿಗಾರರು ಬಾಸಿಂಗ ಮಾಡುವ ಬೆಂಡು ಗೊತ್ತಲ್ಲ, ಹರಿತ ಬ್ಲೇಡಿನಲ್ಲಿ ಅದು ಎಷ್ಟು ನಯವಾಗಿ ಕತ್ತರಿಸುತ್ತದೆ ಅಂದರೆ ಕೆನ್ನೆಯ ಮೂಳೆಯ ಉಬ್ಬನ್ನೂ ಅದರಲ್ಲೇ ತೆಗೆಯಬಹುದು. ತೂಕ ಇಲ್ಲವೇ ಇಲ್ಲ ಅನ್ನಬೇಕು. ನೀರು ಹೀರುತ್ತದೆ, ಅದಕ್ಕೆ ಫೆವಿಕಾಲ್ ನೀರು ಹಚ್ಚಿ ಒಣಗಿಸಿದ ಮೇಲೆ ಒಂದು ಮಿಲಿಮೀಟರ್ ದಪ್ಪಕ್ಕೆ ಕ್ಲೇ ಎಳೆಯಿರಿ. ಎಂ-ಸೀಲ್‌ನಲ್ಲಿ ಇಡೀ ತಲೆ ಗಟ್ಟಿಯಾಗಿ ಮಾಡಿದರೆ ಗಟ್ಟಿ ಏನೋ ಹೌದು, ಕತ್ತು ಆ ಭಾರಕ್ಕೆ ಒಂದು ಒರಟು ಲ್ಯಾಂಡಿಂಗ್‌ನಲ್ಲಿ ಮುರಿಯುತ್ತದೆ. ಕತ್ತಿನ ಒಳಗೆ ಬಿದಿರಿನ ಕಡ್ಡಿಯೊಂದು ಎದೆಯವರೆಗೆ ಇಳಿದಿರಲಿ.

ಪೈಲಟ್ ಸಡಿಲವಾದರೆ

ಇದನ್ನು ಮಾತ್ರ ನಾಳೆಗೆ ಬಿಡಬೇಡಿ. ಉಳಿದ ದೋಷ ಎಲ್ಲ ಅಂದದ ಮಾತು, ಇದು ಅಪಾಯದ ಮಾತು. ಲೂಪ್ (ಆಕಾಶದಲ್ಲಿ ಮೇಲೆ ಕೆಳಗೆ ಪೂರ್ತಿ ಸುತ್ತು) ಹೊಡೆಯುವಾಗ ಸಡಿಲವಾದ ಪೈಲಟ್ ಕೆಳಗೆ ಜಾರಿ ಎಲಿವೇಟರ್ ಕಡ್ಡಿಗೆ ಅಡ್ಡ ಬಿದ್ದರೆ ವಿಮಾನ ನೆಲಕ್ಕೆ, ಅಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಹಾಟ್ ಗ್ಲೂ ಬಿಸಿಲಿಗೆ ಮೆತ್ತಗಾಗಿ ಬಿಡುತ್ತದೆ. ಫೆವಿಕ್ವಿಕ್ ಜಾತಿಯ ಅಂಟಿನ ಆವಿ ಕ್ಯಾನೊಪಿಯ ಒಳಗೆ ಬಿಳಿ ಪೊರೆಯಾಗಿ ಕೂರುತ್ತದೆ. ಪೈಲಟ್‌ನ ಬುಡಕ್ಕೆ ಪ್ಲೈವುಡ್ ತುಂಡು ಎಪಾಕ್ಸಿಯಲ್ಲಿ ಕೂರಿಸಿ, ಕಾಕ್‌ಪಿಟ್ ನೆಲದ ಕೆಳಗಿನಿಂದ ಎರಡು ಸ್ಕ್ರೂ ಹಾಕಿ. ಸರ್ವೋ ನೋಡಬೇಕಾದಾಗ ಬಿಚ್ಚಲೂ ಸುಲಭ.

ತಲೆ ತಿರುಗುವ ಪೈಲಟ್ ಆದರೆ ರೇಡಿಯೋದಲ್ಲಿ ತಲೆಯ ಸರ್ವೋ ನಿಧಾನ ಮಾಡಿ, ಎಡಕ್ಕೆ ಬಲಕ್ಕೆ 45 ಡಿಗ್ರಿ ಮೀರದಂತೆ ಮಿತಿ ಇಡಿ. ಥಟ್ಟನೆ ತಿರುಗಿದರೆ ಯಂತ್ರ ಅಂತ ಗೊತ್ತಾಗುತ್ತದೆ, ಸರ್ವೋದ ಒಳಗಿನ ಹಲ್ಲುಚಕ್ರವೂ ಸವೆಯುತ್ತದೆ.

ಕೊಯ್ಲಾದ ಗದ್ದೆಗೆ ಹೊರಡುವ ಮುಂಚೆ ಕ್ಯಾನೊಪಿ ಹಾಕಿ, ವಿಮಾನವನ್ನು ತಲೆಕೆಳಗು ಮಾಡಿ ಚೆನ್ನಾಗಿ ಅಲ್ಲಾಡಿಸಿ. ಹಾಗೇ ಹಿಡಿದುಕೊಂಡು ಎಲಿವೇಟರ್, ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಎರಡನ್ನೂ ಕೊನೆಯವರೆಗೆ ಆಡಿಸಿ. ಎಲ್ಲಾದರೂ ಉಜ್ಜಿದ ಸದ್ದು ಬಂದರೆ ಪೈಲಟ್‌ನನ್ನು ಬಿಚ್ಚಿಟ್ಟು ಮತ್ತೆ ಆಡಿಸಿ ನೋಡಿ. ಆಗ ಸದ್ದು ನಿಂತರೆ ಅವನ ಬುಡದ ಪ್ಲೈವುಡ್ ಅಂಚನ್ನು ಕಡ್ಡಿಗೆ ತಾಗದಷ್ಟು ಕೆತ್ತಿ ತೆಗೆದು, ಆಮೇಲೆ ಸ್ಕ್ರೂ ಬಿಗಿ ಮಾಡಿ.